ಮಲಗುವಾಗ ಸರಿ ಇತ್ತು, ಎದ್ದಾಗ ಜಾಸ್ತಿ: ಬೆಳಗಿನ ಶುಗರ್ ಏರುವುದಕ್ಕೆ ಕಾರಣ ಹುಡುಕುವ ಕೈಪಿಡಿ

ಎದ್ದ ಕೂಡಲೇ ಬೆರಳು ಚುಚ್ಚಿ ನೋಡಿದರೆ 172. ರಾತ್ರಿ ಸಿಹಿ ಮುಟ್ಟಿಲ್ಲ, ಮಾತ್ರೆ ತಪ್ಪಿಸಿಲ್ಲ, ನಡುವೆ ಎದ್ದು ಏನೂ ತಿಂದಿಲ್ಲ. ಹಾಗಾದರೆ ಈ ಸಕ್ಕರೆ ಬಂದದ್ದಾದರೂ ಎಲ್ಲಿಂದ? ಶುಗರ್ ಇರುವವರ ಮನೆಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ರಾತ್ರಿ ಊಟ ಬಿಡುತ್ತಾರೆ, ಇಲ್ಲವೇ ತಾವೇ ಅರ್ಧ ಮಾತ್ರೆ ಹೆಚ್ಚಿಗೆ ನುಂಗುತ್ತಾರೆ.

ಎರಡೂ ಬೇಡ. ಬೆಳಗಿನ ಅಂಕಿ ಒಂದೇ ಆದರೂ ಅದರ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣ ಇರಬಹುದು. ಒಂದು ಕಾರಣಕ್ಕೆ ಔಷಧ ಏರಿಸಬೇಕಾಗುತ್ತದೆ, ಇನ್ನೊಂದಕ್ಕೆ ಇಳಿಸಬೇಕಾಗುತ್ತದೆ. ರಾತ್ರಿ ಒಳಗೆ ಏನು ನಡೆಯಿತು ಅಂತ ತಿಳಿಯದೆ ಡೋಸ್ ಮುಟ್ಟಬಾರದು. ಖರ್ಚಿಲ್ಲದ, ಸುಲಭದ ಪರೀಕ್ಷೆಗಳಿಂದ ಶುರು ಮಾಡೋಣ. ನಿಮ್ಮ ಲಕ್ಷಣ ಯಾವುದಕ್ಕೆ ಹೊಂದುತ್ತದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಮೂರು ಭಾಗ ಎಲ್ಲರೂ ಓದಿ.

ಇಲ್ಲಿರುವ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಬರುವುದೂ ಅದೇ. ಶುಗರ್ ಇರುವ ಸಾಮಾನ್ಯ ವಯಸ್ಕರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130ರ ಒಳಗೆ ಇರಲಿ ಅಂತ ವೈದ್ಯರು ಬಯಸುತ್ತಾರೆ. ತುಂಬಾ ವಯಸ್ಸಾದವರಿಗೆ, ಪದೇಪದೇ ಲೋ ಆಗುವವರಿಗೆ (ಅಂದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯುವವರಿಗೆ) ಗುರಿ ಸ್ವಲ್ಪ ಸಡಿಲ ಇರುತ್ತದೆ. ಬಸುರಿಯರಿಗೆ ಬಿಗಿ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ ಇರಬೇಕು. ಬಸುರಿಯಾಗಿದ್ದು ಬೆಳಗಿನ ಅಂಕಿ ಅದನ್ನು ದಾಟುತ್ತಿದ್ದರೆ ಮನೆಯಲ್ಲಿ ಪತ್ತೇದಾರಿಕೆ ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಹುಡುಕಾಟ ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ಶುಗರ್ 250 ದಾಟಿದ್ದು, ಜೊತೆಗೆ ವಾಂತಿ, ಹೊಟ್ಟೆನೋವು, ಜೋರಾಗಿ ಆಳವಾಗಿ ಉಸಿರಾಡುವುದು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಮಂಪರು, ಇವುಗಳಲ್ಲಿ ಯಾವುದೇ ಇದ್ದರೂ ತಡ ಮಾಡಬೇಡಿ. ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತಿರಬಹುದು. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆಯ ಶುಗರ್ ಇರುವ ಮಕ್ಕಳಲ್ಲಿ ಇದು ಗಂಟೆಗಳಲ್ಲಿ ಕೈಮೀರುತ್ತದೆ. 108ಕ್ಕೆ ಕರೆ ಮಾಡಿ.

ವಯಸ್ಸಾದವರಲ್ಲಿ ಇನ್ನೊಂದು ಬಗೆ ಇದೆ. ವಾಂತಿ ಇರುವುದಿಲ್ಲ. ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಆಮೇಲೆ ಸುಸ್ತು, ಮಾತು ತಡವರಿಸುವುದು, ಗೊಂದಲ. ಮೀಟರ್ 500–600 ತೋರಿಸುತ್ತದೆ, ಇಲ್ಲವೇ ಬರೀ ‘ಹೈ’ ಅಂತ ತೋರಿಸಿ ಸುಮ್ಮನಾಗುತ್ತದೆ. ‘ವಯಸ್ಸಾಯ್ತು, ಮಂಕಾಗಿದ್ದಾರೆ’ ಅಂತ ಬಿಡಬೇಡಿ. ಇದಕ್ಕೂ ತುರ್ತು ಚಿಕಿತ್ಸೆಯೇ ಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಒಂದು ವಿಷಯ ನೆನಪಿಡಿ. ಈ ಮಾತ್ರೆಗಳಲ್ಲಿ ಶುಗರ್ 250ಕ್ಕಿಂತ ಕಡಿಮೆ ಇದ್ದರೂ ಕೀಟೋನ್ ತೊಂದರೆ ಬರಬಹುದು. ಉಪವಾಸ ಮಾಡಿದಾಗ, ಜ್ವರ ಬಂದಾಗ, ವಾಂತಿ ಆದಾಗ ಈ ಅಪಾಯ ಜಾಸ್ತಿ. ವಾಂತಿ ನಿಲ್ಲದೆ ವಿಪರೀತ ಸುಸ್ತಾದರೆ ಮೀಟರಿನ ಅಂಕಿ ನೋಡಿ ಸಮಾಧಾನ ಪಡಬೇಡಿ.

ಏನೂ ತೊಂದರೆ ಅನಿಸದಿದ್ದರೂ ಅಂಕಿ 300 ದಾಟಿದ್ದರೆ ಕೈ ತೊಳೆದು ಮತ್ತೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ವೈದ್ಯರನ್ನು ಕಾಣಿ.

‘ಒಮ್ಮೆ 138, ಮರುಕ್ಷಣ ನೋಡಿದರೆ 156. ಯಾವುದು ನಿಜ?’

ಎರಡೂ ನಿಜ ಇರಬಹುದು. ಮನೆಯ ಗ್ಲೂಕೋಮೀಟರ್ ನಯಾಪೈಸೆ ಲೆಕ್ಕ ಹೇಳುವ ಯಂತ್ರ ಅಲ್ಲ. ಒಳ್ಳೆಯ ಮೀಟರಿಗೂ 100ರ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಆಚೀಚೆ ಹೋಗಲು ಅವಕಾಶ ಇದೆ. ಅಂದರೆ ನಿಜವಾಗಿ 150 ಇದ್ದರೆ ಮೀಟರ್ 128ರಿಂದ 172ರವರೆಗೆ ಏನು ಬೇಕಾದರೂ ತೋರಿಸಬಹುದು. ನಿನ್ನೆ 142, ಇವತ್ತು 151 ಅಂತ ಬೆಳಿಗ್ಗೆ ಬೆಳಿಗ್ಗೆ ಮುಖ ಬಾಡಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ. ವಾರದ ಓಟ ಯಾವ ಕಡೆಗಿದೆ ಅನ್ನುವುದನ್ನು ನೋಡಿ.

ಮೀಟರನ್ನು ನಂಬುವ ಮೊದಲು ನೋಡಬೇಕಾದವು:

ಕೈ. ಮಾವಿನಹಣ್ಣು ಹೆಚ್ಚಿದ ಬೆರಳು, ಬೆಲ್ಲ ಮುಟ್ಟಿದ ಬೆರಳು ಹಾಗೇ ಚುಚ್ಚಿಕೊಂಡರೆ ಚರ್ಮದ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳ ಡಬ್ಬಿಗೆ ಬಾಳೆಹಣ್ಣು ಸುಲಿದು ಹಾಕಿ, ಅದೇ ಕೈಯಲ್ಲಿ ಟೆಸ್ಟ್ ಮಾಡಿಕೊಂಡು ಗಾಬರಿಯಾಗುವವರು ಎಷ್ಟೋ ಜನ. ಸ್ಪಿರಿಟ್ ಹತ್ತಿಗಿಂತ ಸೋಪು ನೀರು ಒಳ್ಳೆಯದು. ತೊಳೆದ ಮೇಲೆ ಚೆನ್ನಾಗಿ ಒರೆಸಿಕೊಳ್ಳಿ, ಒದ್ದೆ ಬೆರಳಿನಲ್ಲಿ ರಕ್ತ ತೆಳುವಾಗುತ್ತದೆ. ಬೆರಳನ್ನು ಜೋರಾಗಿ ಹಿಂಡಬೇಡಿ.

ಸ್ಟ್ರಿಪ್. ಡಬ್ಬಿಯ ಮೇಲಿನ ತಾರೀಖು ನೋಡಿ. ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಹಾಕಬೇಕು. ಮಂಗಳೂರು, ಕಾರವಾರದ ಮಳೆಗಾಲದ ತೇವಕ್ಕೆ ತೆರೆದಿಟ್ಟ ಸ್ಟ್ರಿಪ್ ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲೂ ಇಡಬೇಡಿ. ಸ್ಟ್ರಿಪ್ ದುಬಾರಿ ಅಂತ ಉದ್ದಕ್ಕೆ ಸೀಳಿ ಎರಡು ಮಾಡುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಬರುವ ಅಂಕಿಗೆ ಬೆಲೆಯೇ ಇಲ್ಲ.

ರಕ್ತಹೀನತೆ. ಹಿಮೋಗ್ಲೋಬಿನ್ ತುಂಬಾ ಕಡಿಮೆ ಇರುವವರಲ್ಲಿ ಹಲವು ಮೀಟರುಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ.

ಅನುಮಾನ ಹೋಗದಿದ್ದರೆ ಲ್ಯಾಬಿಗೆ ಹೋಗುವಾಗ ಮೀಟರನ್ನೂ ಒಯ್ಯಿರಿ. ಅಲ್ಲಿ ರಕ್ತ ತೆಗೆಯುವ ಹೊತ್ತಿಗೇ ನೀವೂ ಬೆರಳು ಚುಚ್ಚಿ ನೋಡಿ. ಲ್ಯಾಬಿನ ಅಂಕಿ 160 ಬಂದು ನಿಮ್ಮದು 136ರಿಂದ 184ರ ನಡುವೆ ಇದ್ದರೆ ಮೀಟರ್ ಸರಿ ಇದೆ. ಮನೆಯಲ್ಲಿ ಆರು ಗಂಟೆಗೆ ನೋಡಿದ್ದನ್ನು ಲ್ಯಾಬಿನ ಒಂಬತ್ತೂವರೆಯ ಅಂಕಿಗೆ ಹೋಲಿಸಬೇಡಿ. ಎದ್ದ ಮೇಲೆ ಏನೂ ತಿನ್ನದಿದ್ದರೂ ಶುಗರ್ ಏರುತ್ತಲೇ ಹೋಗುವವರು ಬಹಳ ಜನ. ಬಸ್ಸು ಹಿಡಿದು, ಟೋಕನ್ ತಗೊಂಡು, ಕಾದು ಕೂತು ಮೂರು ಗಂಟೆ ಕಳೆದರೆ 20–30 ಏರಿದರೂ ಆಶ್ಚರ್ಯ ಇಲ್ಲ. ಫಾಸ್ಟಿಂಗ್ ಅಂದರೆ ಎಂಟು ಗಂಟೆ ಸಾಕು. ಹದಿನಾಲ್ಕು ಗಂಟೆ ಉಪವಾಸ ಇದ್ದರೆ ಅಂಕಿ ಇನ್ನಷ್ಟು ಚೆನ್ನಾಗಿ ಬರುತ್ತದೆ ಅನ್ನುವುದು ತಪ್ಪು. ನೀರು ಕುಡಿಯಬಹುದು, ಅರ್ಧ ಲೋಟ ಕಾಫಿಯೂ ಬೇಡ.

ಮೊದಲು ಇದನ್ನು ಮಾಡಿ: ಮೂರು ಹೊತ್ತಿನ ಪರೀಕ್ಷೆ

ಇಡೀ ಕೈಪಿಡಿಯಲ್ಲಿ ಒಂದನ್ನೇ ಮಾಡುತ್ತೇನೆ ಅಂದರೆ ಇದನ್ನು ಮಾಡಿ. ಒಂದು ವಾರದಲ್ಲಿ ಎರಡು ಮೂರು ರಾತ್ರಿ, ಮಲಗುವ ಮುಂಚೆ ಒಮ್ಮೆ, ಅಲಾರಂ ಇಟ್ಟು ಬೆಳಗಿನ ಜಾವ 3ಕ್ಕೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ನೋಡಿ ಬರೆದಿಡಿ. ಪಕ್ಕದಲ್ಲಿ ರಾತ್ರಿ ಎಷ್ಟು ಗಂಟೆಗೆ ಏನು ಊಟ ಮಾಡಿದಿರಿ ಅನ್ನುವುದನ್ನೂ ಬರೆಯಿರಿ. ಮೀಟರ್, ಸ್ಟ್ರಿಪ್, ಸೂಜಿ, ಟಾರ್ಚ್ ಎಲ್ಲ ಹಾಸಿಗೆ ಪಕ್ಕ ಇಟ್ಟುಕೊಂಡು ಮಲಗಿ. ನಿದ್ದೆಗಣ್ಣಲ್ಲಿ ಅಲಮಾರು ತಡಕಾಡುವ ಪಾಡು ಬೇಡ.

ಉದಾಹರಣೆಗೆ ನಾಲ್ಕು ಜನರ ಪುಸ್ತಕಗಳಲ್ಲಿ ಈ ನಾಲ್ಕು ಸಾಲು ಇವೆ ಅಂದುಕೊಳ್ಳಿ:

ಮಲಗುವಾಗ 210, ಮೂರಕ್ಕೆ 190, ಎದ್ದಾಗ 180.
ಮಲಗುವಾಗ 130, ಮೂರಕ್ಕೆ 124, ಎದ್ದಾಗ 168.
ಮಲಗುವಾಗ 126, ಮೂರಕ್ಕೆ 61, ಎದ್ದಾಗ 170.
ಮಲಗುವಾಗ 135, ಮೂರಕ್ಕೆ 188, ಎದ್ದಾಗ 176.

ಬೆಳಗಿನ ಅಂಕಿ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ತೊಂದರೆ ನಾಲ್ಕು ಬಗೆ. ಮೊದಲನೆಯದು ಊಟದ್ದು ಅಥವಾ ಒಟ್ಟಾರೆ ಔಷಧ ಸಾಲದ್ದು. ಎರಡನೆಯದು ಮುಂಜಾನೆಯ ಹಾರ್ಮೋನುಗಳದ್ದು. ಮೂರನೆಯದು ರಾತ್ರಿ ಲೋ ಆಗುತ್ತಿರುವುದು. ನಾಲ್ಕನೆಯದು ತಡವಾಗಿ ಕರಗುವ ಭಾರದ ಊಟ, ಇಲ್ಲವೇ ಸಂಜೆಯ ಇನ್ಸುಲಿನ್ ಬೇಗ ಮುಗಿದು ಹೋಗುವುದು. ಎರಡನೆಯವರ ಮದ್ದನ್ನು ಮೂರನೆಯವರಿಗೆ ಕೊಟ್ಟರೆ ಅವರು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು.

‘ಮಲಗುವಾಗಲೇ ಜಾಸ್ತಿ ಇರುತ್ತದೆ’

ಹಾಗಿದ್ದರೆ ಬೆಳಗ್ಗೆಯ ಮೇಲೆ ಸಿಟ್ಟಾಗಬೇಡಿ, ರಾತ್ರಿಯ ತಟ್ಟೆ ನೋಡಿ. ‘ರಾತ್ರಿ ಎರಡೇ ಚಪಾತಿ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಕೇಳಿದರೆ ಚಪಾತಿ ಆದ ಮೇಲೆ ಒಂದು ಸೌಟು ಸಾರನ್ನ, ‘ಹೊಟ್ಟೆ ತಂಪಾಗಲಿ ಅಂತ’ ಸ್ವಲ್ಪ ಮೊಸರನ್ನ, ಟಿವಿ ನೋಡುತ್ತಾ ಒಂದು ಬಾಳೆಹಣ್ಣು, ಮಲಗುವಾಗ ಹಾಲು, ಹೀಗೆ ಒಂದೊಂದೇ ಹೊರಗೆ ಬರುತ್ತವೆ. ರಾಗಿಮುದ್ದೆಗೂ ರಿಯಾಯಿತಿ ಇಲ್ಲ. ನಾರು ಇದೆ ನಿಜ, ಆದರೆ ಮುದ್ದೆ ದೊಡ್ಡದಾದಷ್ಟೂ ಅದರಲ್ಲಿನ ಹಿಟ್ಟೂ ಜಾಸ್ತಿ. ‘ಶುಗರ್ ಫ್ರೀ’ ಅಂತ ಬರೆದ ಬಿಸ್ಕತ್ತಿನಲ್ಲೂ ಮೈದಾ ಇದ್ದೇ ಇರುತ್ತದೆ.

ಮೂರು ದಿನ ಹೀಗೆ ಮಾಡಿ ನೋಡಿ. ಊಟವನ್ನು ಏಳೂವರೆ ಎಂಟರ ಒಳಗೆ ಮುಗಿಸಿ. ಮುದ್ದೆ, ಚಪಾತಿ, ಅನ್ನ ಇವುಗಳಲ್ಲಿ ಒಂದನ್ನೇ ಆರಿಸಿ. ಪಲ್ಯ, ಸೊಪ್ಪಿನ ಸಾರು, ಕಾಳು ಜಾಸ್ತಿ ಹಾಕಿಕೊಳ್ಳಿ. ಊಟ ಆದ ಮೇಲೆ ಹದಿನೈದು ನಿಮಿಷ ಅಂಗಳದಲ್ಲೋ ಟೆರೇಸಿನಲ್ಲೋ ಓಡಾಡಿ. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಮಲಗುವಾಗಿನ ಅಂಕಿ ಇಳಿದು, ಅದರ ಬೆನ್ನಿಗೇ ಬೆಳಗಿನದೂ ಇಳಿದರೆ ಕಾರಣ ಸಿಕ್ಕಿತು.

ಊಟ ಪೂರ್ತಿ ಬಿಡಬೇಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ನಡುರಾತ್ರಿ ಲೋ ಆಗುತ್ತದೆ. ಏಕಾದಶಿ, ರಂಜಾನ್ ಉಪವಾಸ ಇದ್ದರೆ ಮೊದಲೇ ವೈದ್ಯರ ಬಳಿ ಡೋಸ್ ಮಾತಾಡಿಕೊಳ್ಳಿ.

ನಾಲ್ಕನೇ ಸಾಲಿನವರು, ಅಂದರೆ ಮಲಗುವಾಗ ಸರಿ ಇದ್ದು ಮೂರಕ್ಕೆ ಏರುವವರು, ರಾತ್ರಿಯ ಎಣ್ಣೆ ತುಪ್ಪದ ಮೇಲೆ ಕಣ್ಣಿಡಿ. ಬಿರಿಯಾನಿ, ತುಪ್ಪ ಸುರಿದ ಹೋಳಿಗೆ, ಪೂರಿ ತಿಂದ ದಿನ ಕೊಬ್ಬು ಜೀರ್ಣವನ್ನು ತಡ ಮಾಡುತ್ತದೆ. ಹತ್ತಕ್ಕೆ ಅಂಕಿ ಚೆನ್ನಾಗಿರುತ್ತದೆ, ಸಕ್ಕರೆ ರಕ್ತಕ್ಕೆ ಇಳಿಯುವುದು ನಡುರಾತ್ರಿ. ಮದುವೆ ಮನೆ ಊಟದ ಮರುದಿನದ ಅಂಕಿಯನ್ನು ಇದಕ್ಕೇ ಲೆಕ್ಕಕ್ಕೆ ಹಿಡಿಯಬಾರದು.

‘ಮೂರು ಗಂಟೆಯವರೆಗೂ ಸರಿ, ಆಮೇಲೆ ಏರುತ್ತದೆ’

ಎಲ್ಲ ಸರಿಯಾಗಿ ಮಾಡುವವರನ್ನು ಹೆಚ್ಚು ಕಾಡುವುದು ಇದೇ. ನಮ್ಮ ಲಿವರ್ ಸಕ್ಕರೆಯ ಕಣಜ. ಹಗಲು ತಿಂದದ್ದರಲ್ಲಿ ಒಂದಿಷ್ಟನ್ನು ಕೂಡಿಡುತ್ತದೆ. ನಾವು ಮಲಗಿದಾಗ ಮಿದುಳು ನಡೆಯಬೇಕಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ದೇಹ ಏಳುವ ತಯಾರಿ ಶುರು ಮಾಡುತ್ತದೆ. ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ಲಿವರಿನಿಂದ ಹೆಚ್ಚು ಸಕ್ಕರೆ ಹೊರಗೆ ಬರುತ್ತದೆ. ಇದು ಎಲ್ಲರಲ್ಲೂ ಆಗುತ್ತದೆ. ಶುಗರ್ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ತಕ್ಷಣ ಇನ್ಸುಲಿನ್ ಬಿಟ್ಟು ಸರಿತೂಗಿಸುತ್ತದೆ. ಶುಗರ್ ಇರುವವರಲ್ಲಿ ಅದು ಆಗುವುದಿಲ್ಲ. ವೈದ್ಯರು ಇದನ್ನು ‘ಡಾನ್ ಫಿನಾಮಿನನ್’ ಅನ್ನುತ್ತಾರೆ.

ಹಾಗಾಗಿ ‘ತಿನ್ನದೆ ಸಕ್ಕರೆ ಎಲ್ಲಿಂದ ಬಂತು’ ಅನ್ನುವುದಕ್ಕೆ ಉತ್ತರ: ನಿಮ್ಮೊಳಗಿಂದಲೇ. ‘ಕದ್ದು ತಿಂದಿರಬೇಕು’ ಅಂತ ಮನೆಯವರು ಅಜ್ಜಿಯನ್ನು ಬೈಯುವ ಮೊದಲು ಇದನ್ನು ಓದಿಸಿ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ ಇದೆ. ರಾತ್ರಿ ಊಟ ಬೇಗ ಮುಗಿಸುವುದು, ಊಟದ ನಂತರದ ನಡಿಗೆ, ಏಳು ಗಂಟೆಯ ನಿದ್ದೆ, ತೂಕ ಜಾಸ್ತಿ ಇದ್ದರೆ ಇಳಿಸುವುದು. ಎದ್ದ ಮೇಲೆ ತಿಂಡಿಯನ್ನು ಹನ್ನೊಂದಕ್ಕೆ ತಳ್ಳಬೇಡಿ. ಕೆಲವರಲ್ಲಿ ತಿಂಡಿ ತಿಂದ ಮೇಲೆಯೇ ಈ ಏರಿಕೆ ನಿಲ್ಲುವುದು. ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ನಡೆದು ಬಂದಾಗ ಅಂಕಿ ಇನ್ನೂ ಹತ್ತಿಪ್ಪತ್ತು ಏರಿದರೆ ಹೆದರಬೇಡಿ, ಅದೂ ಲಿವರಿನ ಕೆಲಸವೇ. ನಡಿಗೆಯ ಲಾಭ ಮುಂದಿನ ಗಂಟೆಗಳಲ್ಲಿ ಕಾಣಿಸುತ್ತದೆ.

ಇಷ್ಟಾದರೂ ವಾರಗಟ್ಟಲೆ 130ರ ಮೇಲೆಯೇ ನಿಂತಿದ್ದರೆ ಔಷಧದ ಬದಲಾವಣೆ ಬೇಕು. ಮೆಟ್‌ಫಾರ್ಮಿನ್ ಕೆಲಸ ಮಾಡುವುದೇ ಮುಖ್ಯವಾಗಿ ಲಿವರಿನ ಮೇಲೆ. ಅದರ ಪ್ರಮಾಣ ಅಥವಾ ಹೊತ್ತು ಬದಲಿಸುವುದು, ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಶುರು ಮಾಡುವುದು ಇವೆಲ್ಲ ವೈದ್ಯರ ಕೈಯಲ್ಲಿರುವ ದಾರಿಗಳು. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಮಾತ್ರೆ ದೊಡ್ಡದು, ನುಂಗಲು ಕಷ್ಟ ಅಂತ ಪುಡಿ ಮಾಡಿ ಕೊಡುವವರಿದ್ದಾರೆ. ಪುಡಿ ಮಾಡಿದರೆ ರಾತ್ರಿಯಿಡೀ ಬಿಡುಗಡೆ ಆಗಬೇಕಾದ ಔಷಧ ಒಮ್ಮೆಲೇ ಇಳಿಯುತ್ತದೆ. ನುಂಗಲು ಆಗದಿದ್ದರೆ ಬೇರೆ ರೂಪದ ಮಾತ್ರೆ ಕೇಳಿ ಪಡೆಯಿರಿ.

‘ರಾತ್ರಿ ಬೆವರುತ್ತೇನೆ, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು’

ಇಲ್ಲಿ ಜೋಪಾನ. ನಿದ್ದೆಯಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳಿಯುತ್ತಿರುವ ಗುರುತುಗಳು ಇವು. ದಿಂಬು, ಒಳಉಡುಪು ಒದ್ದೆಯಾಗಿರುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಕನವರಿಕೆ ಕೇಳಿಸುತ್ತದೆ. ಎದ್ದಾಗ ತಲೆ ಭಾರ.

ಲೋ ಆದಾಗ ದೇಹ ಗಾಬರಿ ಬಿದ್ದು ಲಿವರಿನಿಂದ ಸಕ್ಕರೆ ಹೊರಡಿಸುತ್ತದೆ, ಅದೇ ಬೆಳಿಗ್ಗೆ ಜಾಸ್ತಿಯಾಗಿ ಕಾಣುತ್ತದೆ. 1930ರ ದಶಕದಲ್ಲಿ ಮೈಕೆಲ್ ಸೊಮೋಗಿ ಎಂಬ ವಿಜ್ಞಾನಿ ಹೇಳಿದ ವಾದ ಇದು. ಇಂದಿಗೂ ಇದಕ್ಕೆ ಅವರ ಹೆಸರೇ ಇದೆ. ಆದರೆ ರಾತ್ರಿಯಿಡೀ ಶುಗರ್ ಅಳೆಯುವ ಸೆನ್ಸರುಗಳು ಬಂದ ಮೇಲೆ ತಿಳಿದದ್ದು ಬೇರೆ: ರಾತ್ರಿ ಲೋ ಆದವರಲ್ಲಿ ಹೆಚ್ಚಿನವರು ಬೆಳಿಗ್ಗೆಯೂ ಕಡಿಮೆ ಅಂಕಿಯಲ್ಲೇ ಏಳುತ್ತಾರೆ. ಹಾಗಾಗಿ ಬೆಳಿಗ್ಗೆ ಜಾಸ್ತಿ ಬಂದ ಕೂಡಲೇ ‘ರಾತ್ರಿ ಲೋ ಆಗಿರಬೇಕು’ ಅಂತ ಊಹಿಸಿ ಇನ್ಸುಲಿನ್ ಇಳಿಸುವುದೂ ತಪ್ಪು. ಮೂರು ಗಂಟೆಯ ಅಂಕಿ ನೋಡಿ ತೀರ್ಮಾನಿಸಿ. ಎಷ್ಟೋ ಸಲ ಏರಿಕೆಗೆ ಕಾರಣ ಸರಳವಾಗಿರುತ್ತದೆ. ಲೋ ಆಯಿತೆಂದು ಹೆದರಿ ಕತ್ತಲಲ್ಲಿ ನಾಲ್ಕು ಚಮಚ ಸಕ್ಕರೆ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಎಲ್ಲ ಒಟ್ಟಿಗೆ ಹೋಗಿರುತ್ತದೆ.

ಲೋ ಆದರೆ ಇಷ್ಟು ಸಾಕು: 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯಾ ಅಂತ ಮಾತ್ರೆಯ ಪ್ಯಾಕೆಟ್ಟಿನ ಹಿಂದೆ ಓದಿ. ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮೆಡಿಕಲ್ ಶಾಪಿನ ಒಂದು ಸಣ್ಣ ಪೊಟ್ಟಣ ತಲೆದಿಂಬಿನ ಹತ್ತಿರ ಇರಲಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. 54ಕ್ಕಿಂತ ಕೆಳಗೆ ಒಮ್ಮೆ ಹೋದರೂ, ಅಥವಾ ರಾತ್ರಿ ಲೋ ಎರಡನೇ ಸಲ ಬಂದರೂ ಮರುದಿನವೇ ವೈದ್ಯರಿಗೆ ತಿಳಿಸಿ. ರಾತ್ರಿ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಮದ್ಯ ಲಿವರನ್ನು ತಡೆದು ಬೆಳಗಿನ ಜಾವ ಲೋ ಮಾಡುತ್ತದೆ.

‘ಇನ್ಸುಲಿನ್ ತಪ್ಪದೆ ಹಾಕುತ್ತೇನೆ, ಆದರೂ ಇಳಿಯುವುದಿಲ್ಲ’

ಡೋಸ್ ಸಾಲುತ್ತಿಲ್ಲ ಅನ್ನುವ ಮೊದಲು, ಹಾಕಿದ್ದು ಒಳಗೆ ಹೋಗುತ್ತಿದೆಯಾ ನೋಡಿ.

ಮೊದಲು ಹೊಟ್ಟೆ. ಅಂಗಿ ಎತ್ತಿ ಬೆಳಕಿನಲ್ಲಿ ನೋಡಿ. ಆಮೇಲೆ ಸೋಪು ಹಚ್ಚಿದ ಬೆರಳುಗಳನ್ನು ಹೊಕ್ಕುಳದ ಎರಡೂ ಕಡೆ ನಿಧಾನವಾಗಿ ಸವರಿ. ದಿನವೂ ಒಂದೇ ಜಾಗದಲ್ಲಿ ಚುಚ್ಚುವವರಲ್ಲಿ ಅಲ್ಲಿ ರಬ್ಬರಿನಂಥ ದಪ್ಪ ಗಡ್ಡೆ ಕೈಗೆ ಸಿಗುತ್ತದೆ. ಸೂಜಿ ಅಲ್ಲಿ ನೋಯುವುದಿಲ್ಲ, ಅದಕ್ಕೇ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಗಡ್ಡೆಗೆ ಹಾಕಿದ ಇನ್ಸುಲಿನ್ನನ್ನು ಮೈ ಒಂದು ದಿನ ಅರ್ಧ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಪೂರ್ತಿ. ಆ ಜಾಗವನ್ನು ತಿಂಗಳುಗಟ್ಟಲೆ ಬಿಟ್ಟುಬಿಡಬೇಕು. ಜಾಗ ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ. ಒಳ್ಳೆಯ ಚರ್ಮಕ್ಕೆ ಅದೇ ಡೋಸ್ ಹಾಕಿದರೆ ಒಮ್ಮೆಲೇ ಲೋ ಆಗಬಹುದು.

ಆಮೇಲೆ ಸಿರಿಂಜ್. ನಮ್ಮ ದೇಶದಲ್ಲಿ ಇದು ದೊಡ್ಡ ಗೊಂದಲ. ಇಲ್ಲಿ ಸಿಗುವ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ್ದು ಯು-100. ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಟ್ಟು, 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಏರದೆ ಏನು ಮಾಡುತ್ತದೆ? ಇದಕ್ಕಿಂತ ಅಪಾಯ ತಿರುಗುಮುರುಗಾದರೆ. ಇನ್ಸುಲಿನ್ ಪೆನ್ನಿನ ಕಾಟ್ರಿಜ್ (ಒಳಗಿನ ಔಷಧದ ಕೊಳವೆ) ಹೆಚ್ಚಾಗಿ 100ರದ್ದು. ಅದರಿಂದ ಕೆಂಪು ಸಿರಿಂಜಿನಲ್ಲಿ 20 ಎಳೆದರೆ 50 ಯೂನಿಟ್ ಹೋಗುತ್ತದೆ. ಪೆನ್ನಿನಿಂದ ಸಿರಿಂಜಿಗೆ ಎಂದೂ ಎಳೆಯಬೇಡಿ. ಬಾಟಲಿಯ ಮೇಲಿನ 40 ಅಥವಾ 100, ಸಿರಿಂಜಿನ ಮೇಲಿನ 40 ಅಥವಾ 100, ಎರಡೂ ಒಂದೇ ಇರಬೇಕು. ಇಲ್ಲಿ ತಪ್ಪು ಸಿಕ್ಕರೆ ಸರಿಯಾದ ಸಿರಿಂಜಿನಲ್ಲಿ ಅದೇ ಗೆರೆವರೆಗೆ ಎಳೆದು ಶುರು ಮಾಡಿಬಿಡಬೇಡಿ. ಇಷ್ಟು ದಿನ ನಿಜವಾಗಿ ಎಷ್ಟು ಹೋಗುತ್ತಿತ್ತು ಅಂತ ಲೆಕ್ಕ ಹಾಕಿ ವೈದ್ಯರು ಹೊಸ ಡೋಸ್ ಹೇಳಬೇಕು.

ಪೆನ್ನಿನವರು ಪ್ರತಿ ಸಲ ಎರಡು ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ. ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಹಾಲಿನ ಬಣ್ಣದ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಹೊರಳಿಸಿ, ಪೂರ್ತಿ ಬೆರೆತ ಮೇಲೆ ಹಾಕಿ. ಕುಲುಕಬೇಡಿ.

ಇಟ್ಟ ಜಾಗ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ಜಿನ ಬಾಗಿಲಿನ ಅರೆ ಒಳ್ಳೆಯದು. ಫ್ರೀಜರಿಗೆ ಅಂಟಿಕೊಂಡು ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು, ಎಸೆಯಿರಿ. ಬಳಸುತ್ತಿರುವುದು 30 ಡಿಗ್ರಿಯ ಒಳಗಿದ್ದರೆ ಹೆಚ್ಚಿನ ಬಗೆಗಳು ನಾಲ್ಕು ವಾರ ಬಾಳುತ್ತವೆ. ತೆರೆದ ದಿನ ಲೇಬಲ್ ಮೇಲೆ ತಾರೀಖು ಬರೆಯಿರಿ. ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಕರೆಂಟ್ ಹೋಗುವ ಊರಿನಲ್ಲಿ ಮಣ್ಣಿನ ಮಡಕೆಯೇ ಗತಿ. ದೊಡ್ಡ ಮಡಕೆಯೊಳಗೆ ಚಿಕ್ಕದಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಒಳ ಮಡಕೆಯಲ್ಲಿ ಒಣ ಡಬ್ಬಿಯೊಳಗೆ ಇಡಿ.

ಕೊನೆಯದು ಹೊತ್ತು. ರಾತ್ರಿ ಊಟಕ್ಕೆ ಮುಂಚೆ ಹಾಕುವ ಹಾಲಿನ ಬಣ್ಣದ ಎನ್‌ಪಿಎಚ್ ಇನ್ಸುಲಿನ್ ನಡುರಾತ್ರಿಯ ಸುತ್ತ ಜೋರಾಗಿ ಕೆಲಸ ಮಾಡಿ ಬೆಳಗಿನ ಹೊತ್ತಿಗೆ ಸೋಲುತ್ತದೆ. ಬೇಕಿರುವಾಗ ಇಲ್ಲ, ಬೇಡದಾಗ ಜಾಸ್ತಿ. ಹೊತ್ತು ಮುಂದೆ ಹಾಕುವುದೋ ಬಗೆ ಬದಲಿಸುವುದೋ ವೈದ್ಯರು ನೋಡುತ್ತಾರೆ. ಊಟದ ಇನ್ಸುಲಿನ್ ಬೆರೆತಿರುವ 30/70 ಬಗೆಯನ್ನು ನೀವಾಗಿಯೇ ಮಲಗುವ ಹೊತ್ತಿಗೆ ಸರಿಸಬೇಡಿ. ಊಟ ಇಲ್ಲದೆ ಅದು ಲೋ ಮಾಡುತ್ತದೆ.

‘ಇಷ್ಟು ದಿನ ಚೆನ್ನಾಗಿತ್ತು, ಈ ವಾರ ಇದ್ದಕ್ಕಿದ್ದಂತೆ ಏರಿದೆ’

ಹೊಸದೇನಾದರೂ ಸೇರಿದೆಯಾ ಯೋಚಿಸಿ. ಮಂಡಿನೋವಿಗೆ ಹಾಕಿಸಿದ ಇಂಜೆಕ್ಷನ್, ಉಬ್ಬಸಕ್ಕೆ ಕೊಟ್ಟ ಮಾತ್ರೆ, ಇವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಶುಗರ್ ಹಾರುತ್ತದೆ. ಕೀಲುನೋವಿಗೆ ಅಂತ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ ಮಾತ್ರೆಗಳ ಬಗ್ಗೆಯೂ ಸಂಶಯ ಇರಲಿ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ಮಾತ್ರ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅದು ಬೇರೆ ಅಪಾಯ.

ಸೋಂಕು ಇನ್ನೊಂದು ಕಾರಣ. ಉರಿಮೂತ್ರ, ಹಲ್ಲಿನ ಕೀವು, ಕೆಮ್ಮು. ಅಂಗಾಲನ್ನು ಕನ್ನಡಿ ಇಟ್ಟು ನೋಡಿ. ಸ್ಪರ್ಶ ಕಡಿಮೆ ಇರುವ ಕಾಲಿನಲ್ಲಿ ಗಾಯ ಆಗಿದ್ದು ಗೊತ್ತೇ ಆಗಿರುವುದಿಲ್ಲ, ಶುಗರ್ ಏರಿದ್ದೇ ಅದರ ಮೊದಲ ಸುದ್ದಿ. ಗಾಯ ಕಂಡರೆ ಅರಿಶಿನ ಮೆತ್ತಿ ಕಾಯಬೇಡಿ, ಅವತ್ತೇ ತೋರಿಸಿ.

ಐವತ್ತು ದಾಟಿದವರಲ್ಲಿ ಊಟ ಔಷಧ ಏನೂ ಬದಲಾಗದೆ ಶುಗರ್ ಏರಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ‘ಶುಗರ್ ಇಳಿಸಿದ ತೂಕ’ ಅಂತ ಸುಮ್ನೆ ಕೂರಬೇಡಿ. ಮೇದೋಜೀರಕ ಗ್ರಂಥಿಯನ್ನೂ ಪರೀಕ್ಷಿಸಬೇಕಾಗಬಹುದು.

‘ಜೋರು ಗೊರಕೆ, ಎಷ್ಟು ಮಲಗಿದರೂ ನಿದ್ದೆ ಆದಂತಿಲ್ಲ’

ಗೊರಕೆ ನಡುವೆ ನಿಂತು, ಉಸಿರೇ ಇಲ್ಲದಂತಾಗಿ, ಮತ್ತೆ ‘ಹಕ್’ ಅಂತ ಶುರುವಾಗುತ್ತದೆಯಾ? ಇದನ್ನು ಹೇಳಬಲ್ಲವರು ಪಕ್ಕದಲ್ಲಿ ಮಲಗುವವರು. ಪ್ರತಿ ಸಲ ಉಸಿರು ನಿಂತಾಗಲೂ ದೇಹ ಗಾಬರಿಯ ಹಾರ್ಮೋನ್ ಬಿಡುತ್ತದೆ, ಅದರಿಂದ ಶುಗರೂ ಏರುತ್ತದೆ. ಹಗಲು ತೂಕಡಿಕೆ, ಬಗ್ಗದ ಬಿಪಿ ಜೊತೆಗಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದೂರದ ಡ್ರೈವಿಂಗ್ ಬೇಡ.

‘ಬೆಳಗಿನದು 160, ಆದರೆ ಮೂರು ತಿಂಗಳ ಸರಾಸರಿ ಚೆನ್ನಾಗಿದೆ’

ಹಾಗೂ ಆಗಬಹುದು. ಬೆಳಿಗ್ಗೆ ಮಾತ್ರ ಏರಿ ಉಳಿದ ಹೊತ್ತು ಹಿಡಿತದಲ್ಲಿದ್ದರೆ ಎಚ್‌ಬಿಎ1ಸಿ, ಅಂದರೆ ಈ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ, 7ರ ಒಳಗೇ ಬರಬಹುದು. ಆದರೆ ರಕ್ತ ಕಡಿಮೆ ಇದ್ದಾಗ ಆ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆಯಲ್ಲಿ ಜಾಸ್ತಿ ತೋರಿಸುತ್ತದೆ, ರಕ್ತಸ್ರಾವ ಆದಾಗ ಅಥವಾ ರಕ್ತ ಕೊಟ್ಟಾಗ ಕಡಿಮೆ ತೋರಿಸುತ್ತದೆ. ಎರಡು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರದ ರಾತ್ರಿಗಳನ್ನೆಲ್ಲ ಬಿಡಿಸಿ ತೋರಿಸುತ್ತದೆ. ದುಬಾರಿ, ಆದ್ದರಿಂದ ಮೂರು ಹೊತ್ತಿನ ಪರೀಕ್ಷೆಯಲ್ಲಿ ಉತ್ತರ ಸಿಗದಿದ್ದರೆ ಮಾತ್ರ ನೋಡಿ. ಸೆನ್ಸರ್ ಇರುವ ಕೈಯ ಮೇಲೆ ಮಲಗಿದರೆ ಸುಳ್ಳು ಲೋ ತೋರಿಸುತ್ತದೆ. ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ಡಾಕ್ಟರ ಬಳಿ ಹೋಗುವಾಗ

ಮೂರು ಹೊತ್ತಿನ ಅಂಕಿ ಬರೆದ ಪುಸ್ತಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪ್ಯಾಕೆಟ್ಟುಗಳು (ನಾಟಿ ಔಷಧವೂ ಸೇರಿ), ಇನ್ಸುಲಿನ್ ಬಾಟಲಿ, ಸಿರಿಂಜ್ ಅಥವಾ ಪೆನ್ನು, ಮೀಟರ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಡಾಕ್ಟ್ರೇ, ಶುಗರ್ ಜಾಸ್ತಿ’ ಅಂದರೆ ಅವರು ಡೋಸ್ ಏರಿಸುತ್ತಾರೆ, ಅಷ್ಟೇ. ‘ಡಾಕ್ಟ್ರೇ, ಮಲಗುವಾಗ 130, ಮೂರಕ್ಕೆ 124, ಎದ್ದಾಗ 168, ಮೂರು ರಾತ್ರಿನೂ ಹೀಗೇ ಇದೆ’ ಅಂದರೆ ಮಾತುಕತೆ ಬೇರೆ ದಾರಿ ಹಿಡಿಯುತ್ತದೆ. ಇಂಜೆಕ್ಷನ್ ಹೇಗೆ ಹಾಕಿಕೊಳ್ಳುತ್ತೀರಿ ಅಂತ ಅಲ್ಲಿನ ಸಿಸ್ಟರ್ ಮುಂದೆ ಒಮ್ಮೆ ಮಾಡಿ ತೋರಿಸಿ. ಮೀಟರ್ ಇಲ್ಲದವರು ಖಾಲಿ ಹೊಟ್ಟೆಯ ಪರೀಕ್ಷೆಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದು. ಮೂರು ಗಂಟೆಯದಕ್ಕೆ ಮಾತ್ರ ನೆರೆಮನೆಯವರ ಮೀಟರನ್ನಾದರೂ ಎರಡು ದಿನ ಕೇಳಿ ತನ್ನಿ, ಆದರೆ ಚುಚ್ಚುವ ಸೂಜಿಯೂ ಅದರ ಪೆನ್ನೂ ನಿಮ್ಮದೇ ಇರಲಿ.

ಡೋಸ್ ಬದಲಾದ ಮೇಲೆ ಒಂದೇ ಬೆಳಗಿನ ಅಂಕಿ ನೋಡಿ ‘ಕೆಲಸ ಮಾಡಲಿಲ್ಲ’ ಅನ್ನಬೇಡಿ. ಹೊಸ ಡೋಸಿಗೆ ವೈದ್ಯರು ಹೇಳಿದಷ್ಟು ದಿನ ಕೊಡಿ. ಆ ಮೊದಲ ವಾರದಲ್ಲಿ, ಮುಖ್ಯವಾಗಿ ಇನ್ಸುಲಿನ್ ಏರಿಸಿದ್ದರೆ, ಮೂರು ಗಂಟೆಯ ಅಲಾರಂ ಮತ್ತೆ ಎರಡು ರಾತ್ರಿ ಇಡಿ.